ಐದು ಗಂಟಿನ ಬಟ್ಟೆ

ತಾಯವ್ವ ಇಗರ್ಜಿಯ ಬಟ್ಟೆಪೆಟ್ಟಿಗೆಯ ಕೀಲಿಕೈಯನ್ನು ಸೆರಗಿನೊಳಗೆ ಬಿಗಿಹಿಡಿದು ನಿಂತಿದ್ದಳು. ಮೈದುನ ಗಂಗಪ್ಪ ಮೂರನೆಯ ಸಲ ಕೈ ಚಾಚಿದ.

"ಕೊಡ್ರಿ ವೈನಿ. ಪಾದ್ರಿಗಳು ಕಾಯಾಕ ಹತ್ಯಾರ."

ಇಗರ್ಜಿಯ ನಡುವೆ ಅವಳ ಗಂಡ ಪರಪ್ಪನ ಹೆಣವಿತ್ತು. ಬೈಲಹೊಂಗಲದಲ್ಲಿ ಪ್ಲೇಗು ಬಿದ್ದು ತಿಂಗಳಾಗಿತ್ತು. ನೇಸರಗಿಯಾಚೆಯ ಈ ಊರಿಗೆ ಅದಿನ್ನೂ ಕಾಲಿಟ್ಟಿಲ್ಲವೆಂದು ಎಲ್ಲರೂ ನಂಬಿದ್ದರು. ಪರಪ್ಪನದು ಬರೀ ಜ್ವರ ಎಂದು ತಾಯವ್ವನೇ ಹೇಳಿದ್ದಳು. ಬಂದವರೆಲ್ಲ ಹೆಣದ ಪಾದ ಮುಟ್ಟಿ ಕುಳಿತಿದ್ದರು. ಹದಿನಾರು ವರ್ಷ ಪಾದ್ರಿಗಳು ತೊಡುವ ಪೂಜೆಯ ಬಟ್ಟೆಗಳನ್ನು ಕಾಯ್ದವನಿಗೆ ಪಾದ್ರಿಗಳು ಕರಿಯ ಬಟ್ಟೆ ತೊಟ್ಟೇ ಪೂಜೆ ಮಾಡಬೇಕೆಂದು ಗಂಗಪ್ಪ ಹಟ ಹಿಡಿದಿದ್ದ.

*

ಪರಪ್ಪನಿಗೆ ಓದು ಬರುತ್ತಿರಲಿಲ್ಲ. ಮಗ್ಗದಲ್ಲಿ ಪಳಗಿದ ಬೆರಳುಗಳಿದ್ದವು. ಒಂದೊಂದು ಬಟ್ಟೆಯ ಲಾಡಿಗೂ ಗಂಟು ಹಾಕಿಟ್ಟಿದ್ದ: ಹಬ್ಬದ ಬಿಳಿಗೆ ಒಂದು, ಸಾವಿನ ಕರಿಗೆ ಐದು. ಕತ್ತಲ ಕೋಣೆಯಲ್ಲೂ ಮುಟ್ಟಿ ನೋಡಿ ಬೇಕಾದ್ದನ್ನು ತೆಗೆಯುತ್ತಿದ್ದ. ಪೆಟ್ಟಿಗೆಯೊಳಗೆ ಬೇವಿನ ಸೊಪ್ಪು ಹಾಸುತ್ತಿದ್ದ. ರೇಷ್ಮೆ ಸೀಳದಂತೆ ತಿಂಗಳಿಗೊಮ್ಮೆ ಮಡಿಕೆ ಬದಲಿಸುತ್ತಿದ್ದ. ಒಂದು ಲಾಡಿ ಕಾಣೆಯಾದ ದಿನ ಅನ್ನ ಮುಟ್ಟಿರಲಿಲ್ಲ.

ಎಂಟು ದಿನದ ಹಿಂದೆ ಪೆಟ್ಟಿಗೆ ತೆರೆದವನು ಹೆಂಡತಿಗೆ ಬಾಗಿಲಲ್ಲೇ ನಿಲ್ಲಲು ಹೇಳಿದ. ಕರಿಯ ಬಟ್ಟೆಯ ಮಡಿಕೆಯಲ್ಲಿ, ಪೆಟ್ಟಿಗೆಯ ತಳ ಕೊರೆದು ಬಂದ ಮೂರು ಇಲಿ ಸತ್ತು ಬಿದ್ದಿದ್ದವು. ತಾನೊಬ್ಬನೇ ಅವನ್ನು ಹಿತ್ತಲಲ್ಲಿ ಹೂತು ಬಂದ.

"ಯಾರ ಮುಂದೂ ಹೇಳಬ್ಯಾಡ," ಅಂದ. "ಸರಕಾರದವ್ರು ಬಂದು ಎಲ್ಲಾ ಸುಡತಾರ. ನಾ ಬಿಸಲಿಗೆ ಹಾಕತೇನಿ."

ಹಾಕಲಾಗಲಿಲ್ಲ; ಮರುದಿನವೇ ಜ್ವರ ಹಿಡಿಯಿತು. ನಾಲ್ಕನೆಯ ದಿನ ಅವನ ತೊಡೆಯ ಸಂದಿನಲ್ಲಿ ಗಡ್ಡೆ ಎದ್ದಿತು.

*

ಕೊನೆಗೆ ಪಾದ್ರಿಗಳೇ ಎದ್ದು ಬಂದು ಅಂಗೈ ಒಡ್ಡಿದರು. ಹೇಳಿದರೆ ಗಂಡನ ಹೆಸರು ಅವನೊಂದಿಗೇ ಮಣ್ಣಾಗುತ್ತದೆ. ಹೇಳದಿದ್ದರೆ ಆ ಬಟ್ಟೆ ಈ ಮುದುಕರ ಹೆಗಲೇರುತ್ತದೆ. ತಾಯವ್ವ ಕೀಲಿಕೈಯನ್ನು ಇನ್ನಷ್ಟು ಬಿಗಿಹಿಡಿದಳು.

"ಅದನ್ನ ಹಾಕ್ಕೋಬ್ಯಾಡ್ರಿ ಸ್ವಾಮ್ಯಾರ. ಅದರಾಗ ಇಲಿ ಸತ್ತಿದ್ವು. ಅವ್ರಿಗೆ ಬಂದಿದ್ದು ಬರೀ ಜ್ವರ ಅಲ್ಲ."

ಹೆಣದ ಪಾದ ಮುಟ್ಟಿದ್ದ ಕೈಗಳನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಒಬ್ಬೊಬ್ಬರೇ ಹೊರನಡೆದರು. ಗಂಗಪ್ಪ ಮಾತ್ರ ನಿಂತಿದ್ದ.

"ಮೊನ್ನೆ ನನ್ನ ಮಗಳನ್ನ ಅಣ್ಣನ ಹಾಸಿಗಿ ಮ್ಯಾಲ ಕುಂಡ್ರಿಸಿದ್ರಿ," ಎಂದ ಮೆಲ್ಲಗೆ.

ತಾಯವ್ವ ಕೀಲಿಕೈಯನ್ನು ಪಾದ್ರಿಗಳ ಅಂಗೈಯಲ್ಲಿಟ್ಟಳು.

ಪಾದ್ರಿಗಳು ಪೆಟ್ಟಿಗೆಯನ್ನು ತೆರೆಯದೆಯೇ ಅಂಗಳದಲ್ಲಿ ಬೆಂಕಿಗೆ ಕೊಟ್ಟು, ಬರೀ ನಿಲುವಂಗಿಯಲ್ಲೇ ಪ್ರಾರ್ಥನೆ ಮುಗಿಸಿದರು. ಚಟ್ಟ ಹೊರಲು ನಾಲ್ವರಾಗಲಿಲ್ಲ. ಮುಂದೆ ಗಂಗಪ್ಪ ಒಬ್ಬನೇ ಎರಡೂ ಬಿದಿರು ಹಿಡಿದ. ಹಿಂದೆ ಒಂದು ಬದಿಗೆ ಪಾದ್ರಿಗಳು, ಇನ್ನೊಂದು ಬದಿಗೆ ತಾಯವ್ವ ಹೆಗಲು ಕೊಟ್ಟರು.

ಅವರು ಬರುವುದನ್ನು ಕಂಡು ಓಣಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಇಗರ್ಜಿಯ ಗಂಟೆ ಬಾರಿಸುವ ಸೋಮಪ್ಪನ ಮನೆಯದು ಮಾತ್ರ ತೆರೆದೇ ಇತ್ತು. ಒಳಗೆ, ಸುಡುವ ಆ ನಡುಮಧ್ಯಾಹ್ನ, ಅವನು ಎರಡು ಕಂಬಳಿ ಹೊದ್ದು ನಡುಗುತ್ತ ಮಲಗಿದ್ದ.