ಅಂಕಿತಾಳ ಕುಬಸದ ಬುತ್ತಿ

ಶಿಗ್ಗಾಂವಿಯಲ್ಲಿ ಯಾರ ಮಗಳ ಕುಬಸವಿದ್ದರೂ ಬುತ್ತಿ ನಮ್ಮಲ್ಲಿಂದಲೇ ಹೋಗಬೇಕಿತ್ತು. ಈ ಸೀಮಂತಕ್ಕೆಂದು ಬಸುರಿಗೆ ತವರಿನವರು ಒಯ್ಯುವ ಕರ್ಚಿಕಾಯಿ, ಉಂಡಿ, ಸಜ್ಜೆ ರೊಟ್ಟಿ ಎಲ್ಲವನ್ನೂ ಹನ್ನೆರಡು ವರ್ಷ ನಾನೇ ಮಾಡಿ ಮಾರಿದೆ. ಬಾಗಿಲ ಮೇಲೆ ‘ವಾಣಿಶ್ರೀ ಬುತ್ತಿ ಮನೆ’ ಎಂದು ಬೋರ್ಡಿತ್ತು. ಹೋದ ವರ್ಷ ಗಂಡ ಮಾಲತೇಶ ತೀರಿಕೊಂಡರು. ತಿಂಗಳೊಪ್ಪತ್ತಿನಲ್ಲಿ ಗಿರಾಕಿಗಳೆಲ್ಲ ಮಾಯ. ಯಾರೂ ಕೆಟ್ಟ ಮಾತಾಡಲಿಲ್ಲ; ಪಾಪ, ಪಾಪ ಎನ್ನುತ್ತಲೇ ಬೇರೆ ಕಡೆ ಹೋದರು. ಬಸುರಿಯ ಬುತ್ತಿಗೆ ಮುತ್ತೈದೆಯ ಕೈಯೇ ಆಗಬೇಕಲ್ಲ!

ಮೈದುನ ಚನ್ನೇಶ ಉಪಾಯ ಹುಡುಕಿದ. ಬೋರ್ಡಿನ ಮೇಲೆ ಅವನ ಹೆಂಡತಿ ಶೈಲಶ್ರೀಯ ಹೆಸರು ಬಂತು. ನನ್ನ ಈ ನೆಗೆಣ್ಣಿಗೆ ಕರ್ಚಿಕಾಯಿಯ ಅಂಚು ಮಡಚಲೂ ಬಾರದು. ಅವಳು ಹಣೆತುಂಬ ಕುಂಕುಮ ಇಟ್ಟುಕೊಂಡು ಮುಂದೆ ಕೂತು ಬುಟ್ಟಿ ಎತ್ತಿಕೊಟ್ಟಳು. ನಾನು ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಕರಿದೆ. ಗಿರಾಕಿಗಳು ಮರಳಿ ಬಂದರು. ರುಚಿ ಮೊದಲಿಗಿಂತ ಒಂದು ಕೈ ಮೇಲು ಎಂದು ಶೈಲಶ್ರೀಯನ್ನು ಹೊಗಳಿದರು. ಕದದ ಹಿಂದೆ ನಿಂತಿದ್ದ ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಹತ್ತಿಮತ್ತೂರಿಗೆ ಕೊಟ್ಟ ಮಗಳು ಅಂಕಿತಾ ಬಸುರಿಯಾದಳು. ಅವಳ ಬುತ್ತಿ ನಾನೇ ಒಯ್ಯುತ್ತೇನೆ, ಊರೆಲ್ಲ ನೋಡಲಿ, ಬಂದಮೇಲೆ ಬೋರ್ಡಿನ ಮೇಲೆ ನನ್ನ ಹೆಸರು ಬರೆಸುತ್ತೇನೆ ಎಂದು ಹಟ ಹಿಡಿದೆ. ಚನ್ನೇಶ ಮುಖ ಗಂಟು ಹಾಕಿದ, ನಾನು ಸೊಪ್ಪು ಹಾಕಲಿಲ್ಲ. ಎರಡು ದಿನ ಕೂತು ಒಬ್ಬಳೇ ಎಲ್ಲ ಮಾಡಿದೆ.

ಕುಬಸದ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು ನಿಂತಾಗ ಮಗಳ ಫೋನು ಬಂತು.

“ಅವ್ವ, ಬುತ್ತಿ ಶೈಲಶ್ರೀ ಸಣ್ಣವ್ವನ ಕೈಯಾಗ ಕೊಟ್ಟು ಕಳಸು. ನೀ ಬರಬ್ಯಾಡ.”

ನಿನ್ನ ಅತ್ತೆ ಏನಾದರೂ ಅಂದಳೇನು ಎಂದು ಕೇಳಿದೆ.

“ಅತ್ತಿ ಏನೂ ಅಂದಿಲ್ಲ. ನನಗ ಹೆದರಿಕಿ ಆಗಾಕತ್ತೈತಿ.” ಮತ್ತೆ ಕೇಳಿದಳು: “ಈ ಸಲ ಸಣ್ಣವ್ವನ ಮಾಡ್ಯಾಳಲ್ಲ? ನೀ ಮುಟ್ಟಿಲ್ಲಲ್ಲ?”

ನನ್ನ ಕೈ ನೋಡಿಕೊಂಡೆ. ಇನ್ನೂ ಕಣ್ಣು ಬಿಡದ ಆ ಕೂಸಿಗೆ ಏನಾದರೂ ಆದರೆ ಎಂದು ಆ ಗಳಿಗೆ ನನಗೂ ಹೆದರಿಕೆಯಾಯಿತು. ಅದಕ್ಕೆ ನನ್ನನ್ನು ನಾನು ಎಂದೂ ಕ್ಷಮಿಸಲಾರೆ.

“ಇಲ್ಲವಾ,” ಎಂದೆ, “ಆಕೀನ ಮಾಡ್ಯಾಳ.”

ಶೈಲಶ್ರೀ ಬುತ್ತಿ ತೆಗೆದುಕೊಂಡು ಕಾರು ಹತ್ತಿದಳು. ನಾನು ಸೀರೆ ಬದಲಿಸಿ ಹಿಂದಿನ ಕೋಣೆಗೆ ಹೋದೆ. ಸವಣೂರಿನವರ ಬುತ್ತಿ ನಾಳೆಗೆ ಬೇಕಿತ್ತು. ಈ ಸಲ ಕದ ಹಾಕಿಕೋ ಎಂದು ಯಾರೂ ಹೇಳಲಿಲ್ಲ, ನಾನೇ ಹಾಕಿಕೊಂಡೆ.