ಅಳತೆಗೋಲಿನಿಂದ ಆಚೆ

ನನ್ನ ಬಟ್ಟೆಯಿಂದ ಮೀನಿನ ವಾಸನೆ ಬರುತ್ತದೆಯೇ ಎಂಬ ಚಿಂತೆ ಕೆಲಸಕ್ಕೆ ಸೇರಿದಂದಿನಿಂದಲೂ ನನಗಿದೆ. ಯಾರಿಗೂ ಹೇಳಿಕೊಂಡಿಲ್ಲ. ದೊಡ್ಡಮ್ಮ ಮೀನು ಮಾರಿ ನನ್ನನ್ನು ಪದವಿಯವರೆಗೆ ಓದಿಸಿದಳು. ನಾನೋ, ಅಣೆಕಟ್ಟಿನ ಕಚೇರಿಯ ಮೆಟ್ಟಿಲ ಕೆಳಗೆ ನಿಂತು, ದುಪಟ್ಟಾದ ತುದಿ ಮೂಸಿ ನೋಡಿಕೊಂಡೇ ಒಳಗೆ ಹೋಗುವವಳು.

ಇವತ್ತು ಆ ವಾಸನೆ ತಾನಾಗಿಯೇ ಕಚೇರಿಗೆ ಬಂತು, ಬಕೆಟ್ಟಿನಲ್ಲಿ.

ತಂದವಳು ದೊಡ್ಡಮ್ಮನೇ. ಅವಳ ಹಿಂದೆ, ಹೊಳೆ ಸಮುದ್ರ ಸೇರುವ ಅಳಿವೆಯ ನಮ್ಮ ಕೇರಿಯ ಹೆಂಗಸರು. ಬಕೆಟ್ಟನ್ನು ಸೀದಾ ನಮ್ಮ ಇಂಜಿನಿಯರ್ ಸಾಹೇಬರ ಮೇಜಿನ ಮೇಲಿಟ್ಟಳು. ಮೊಟ್ಟೆಯಿಡಲು ಸಮುದ್ರದಿಂದ ಹೊಳೆ ಹತ್ತುವ ಮೀನುಗಳು. ನೀರಿಲ್ಲದೆ ಗುಂಡಿಗಳಲ್ಲಿ ಸಿಕ್ಕಿ ಸತ್ತಿದ್ದವು. ಹೊಟ್ಟೆ ಉಬ್ಬಿ ಒಡೆದು, ಮೊಟ್ಟೆಯೆಲ್ಲ ಹೊರಗೆ ಚೆಲ್ಲಿತ್ತು.

"ಈ ವಾರ ನೀರು ಬರ್ದಿದ್ರೆ ಉಳಿದವೂ ಸಾಯ್ತವೆ ಸಾರ್. ಮೊಟ್ಟೇನೇ ಹೋದ್ಮೇಲೆ ಮುಂದಿನ ವರ್ಷ ಬಲೇಲಿ ಏನ್ ಹಿಡಿಯೋಣ, ನಿಮ್ಮ ಭರವಸೇನಾ?"

ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಅದರ ಅಡಿಯಿಂದಲೇ ಒಂದೊಂದಾಗಿ ಗೋಡಂಬಿ ಬಾಯಿಗೆ ಹೋಗುತ್ತಿತ್ತು. ಜವಾನ ಓಡಿಬಂದು ಗುಲಾಬಿ ಸ್ಪ್ರೇ ಹೊಡೆದ. ಕೊಳೆತ ಮೀನು, ಗುಲಾಬಿ ಎರಡೂ ಕಲೆತ ವಾಸನೆ ಕೋಣೆ ತುಂಬಿತು.

"ನೀರು ಬಿಡ್ತಾನೇ ಇದ್ದೀವಲ್ಲಮ್ಮ! ಈ ಹುಡುಗೀನೇ ಕೇಳಿ. ದಿನಾ ಅಳತೆ ನೋಡೋಳು ಇವಳೇ."

ಅದು ನಿಜ. ಗೇಟಿನ ಕೆಳಗೆ ಗೋಡೆಗೆ ಅಳತೆಗೋಲಿದೆ. ದಿನವೂ ಬೆಳಿಗ್ಗೆ ನೀರು ಅದರ ಕೆಂಪು ಗೆರೆ ಮುಟ್ಟುತ್ತದೆ, ನಾನು ಬರೆದುಕೊಳ್ಳುತ್ತೇನೆ. ಆದರೆ ಅಲ್ಲೇ ಮುಂದಿನ ತಿರುವಿನಲ್ಲಿ ಒಂದು ತೂಬಿದೆ. ಅಳೆದ ನೀರೆಲ್ಲ ಅಲ್ಲಿಂದ ಕಾಲುವೆಗೆ ಹೊರಳಿ, ಸಾಹೇಬರ ಭಾವಮೈದುನನ ರೆಸಾರ್ಟಿನ ದೋಣಿವಿಹಾರದ ಕೆರೆ ಸೇರುತ್ತದೆ. ಆಮೇಲೆ ಹೊಳೆಯೆಂದರೆ ಬರೀ ಮರಳು. "ನಮ್ಮ ಜವಾಬ್ದಾರಿ ಗೋಲಿನ ತನಕ ಕಣಮ್ಮ, ಆಚೆ ನೋಡಿದ್ರೆ ಕಣ್ಣು ನೋಯುತ್ತೆ," ಎಂದು ಸಾಹೇಬರು ಒಮ್ಮೆ ಅಂದಾಗ ಎಲ್ಲರೂ ನಕ್ಕಿದ್ದರು. ನಾನೂ ಹಲ್ಲು ಕಿರಿದಿದ್ದೆ. ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ದೊಡ್ಡಮ್ಮ ನನ್ನತ್ತ ತಿರುಗಿದಳು. ನನ್ನ ಕೆಲಸಕ್ಕೆ ಕುತ್ತು ಬಂದೀತೆಂದು, ಗುರುತೇ ಇಲ್ಲದವಳ ಹಾಗೆ.

"ಹೇಳಿ ಮೇಡಂ, ನೀರು ಬಿಡ್ತಿದೀರಾ?"

ಮೇಡಂ! ಬೆಳಿಗ್ಗೆ ನನ್ನ ಜಡೆ ಹೆಣೆದು ಕಳಿಸಿದವಳು.

"ಹೂಂ ಅನ್ನಮ್ಮ," ಎಂದರು ಸಾಹೇಬರು, ಹಲ್ಲುಸಂದಿಯ ಗೋಡಂಬಿಯನ್ನು ನಾಲಗೆಯಲ್ಲಿ ಕೆದಕುತ್ತ. "ಕೆಲಸ ಖಾಯಂ ಆಗ್ಬೇಕು ತಾನೇ ನಿಂಗೆ?"

ಹೂಂ ಅಂದಿದ್ದರೂ ಸುಳ್ಳಾಗುತ್ತಿರಲಿಲ್ಲ. ನೀರು ಬಿಡುವುದೇನೋ ಹೌದಲ್ಲ. ಹೇಸಿಗೆಯಾದದ್ದು ಅದಕ್ಕೇ.

"ಬಿಟ್ಟ ನೀರು ನಿಮ್ಮ ತನಕ ಬರಲ್ಲ, ದೊಡ್ಡಮ್ಮ," ಎಂದೆ. "ತಿರುವಿನ ತೂಬಿಂದ ಸಾಹೇಬ್ರ ಭಾವಮೈದುನನ ಕೆರೆಗೆ ಹೋಗುತ್ತೆ."