ಮೊಣಕೈ

ಇದೋ, ಮತ್ತೆ ನಿಂತಿತು, ಗೊರಕೆ ಏರಿ ಏರಿ ಫಕ್ಕನೆ ಕಡಿದುಹೋಯಿತು, ಈಗ ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ, ಇವರ ತೋರುಬೆರಳಿಗೆ ಕಚ್ಚಿಸಿದ ಕ್ಲಿಪ್ಪಿನ ಕೆಂಪು ದೀಪ ಮಾತ್ರ, ಒಂದು, ಎರಡು, ಮೂರು — ಬೇಡವೆಂದರೂ ಎಣಿಸುತ್ತೇನೆ, ಹನ್ನೊಂದು ವರ್ಷದ ಅಭ್ಯಾಸ, ಹತ್ತು ಮುಟ್ಟುವ ಮೊದಲೇ ನನ್ನ ಮೊಣಕೈ ಇವರ ಪಕ್ಕೆಗೆ ತಿವಿಯುತ್ತದೆ, ನಿದ್ದೆಗಣ್ಣಲ್ಲೂ ತಿವಿಯುತ್ತದೆ, ಇವರು ಹೊರಳಿ ಗಾಳಿ ಎಳೆದುಕೊಳ್ಳುತ್ತಾರೆ, ಬೆಳಿಗ್ಗೆ ಎದ್ದು ಎಂಥಾ ನಿದ್ದೆ ಬಂತು ಗೊತ್ತಾ ಎನ್ನುತ್ತಾರೆ, ಗೊತ್ತು ರೀ, ನನ್ನದನ್ನೂ ನೀವೇ ಮಾಡಿದಿರಿ — ಹಾಂ, ಬಂತು, ಎಳೆದರು, ಸದ್ಯ. ಅತ್ತೆ ಇದ್ದಾಗ ನಗುತ್ತಿದ್ದರು, ಗೊರಕೆ ಕೇಳಿಸ್ತಿದ್ರೆ ಗಂಡ ಮನೇಲಿದಾನೆ ಅಂತಾದ್ರೂ ಗೊತ್ತಾಗತ್ತಲ್ಲಮ್ಮ, ಹೌದು ಅತ್ತೆ, ಕೇಳಿಸದಿದ್ದಾಗ ಎಲ್ಲಿರುತ್ತಾರೆ ಅಂತ ಯಾರನ್ನು ಕೇಳಲಿ. ನಿದ್ದೆಯಲ್ಲಿ ಉಸಿರು ಅಳೆಯಲು ಆಸ್ಪತ್ರೆಯವರು ಹೋದ ಸಲ ಕೊಟ್ಟದ್ದೂ ಇದೇ ಪೆಟ್ಟಿಗೆ, ಎದೆಗೆ ಪಟ್ಟಿ, ಮೂಗಿಗೆ ನಳಿಕೆ, ರಾತ್ರಿಯೆಲ್ಲ ನಾನು ತಿವಿದೆ, ತಿವಿದದ್ದೇ ನನಗೆ ಗೊತ್ತಿಲ್ಲ, ಉಸಿರು ಹತ್ತು ಸೆಕೆಂಡು ನಿಂತರೆ ಮಾತ್ರ ಲೆಕ್ಕವಂತೆ, ನಾನು ಹತ್ತಾಗಲು ಬಿಟ್ಟರೆ ತಾನೆ, ಅಂಥದ್ದೇನೂ ಇಲ್ಲ ಎಂದು ರಿಪೋರ್ಟ್ ಬಂತು, ಇವರು ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು, ಬಂದವರಿಗೆಲ್ಲ ತೋರಿಸಿದರು, ಕಾಯಿಲೆ ನನಗಲ್ಲ, ಇವಳಿಗೆ, ಸಂಶಯದ ಕಾಯಿಲೆ. ಮಾಡಿದ್ದುಣ್ಣೋ ಮಹರಾಯ, ತಿವಿದವಳು ನಾನೇ ತಾನೆ. ಈ ಸಲ ಕಾಡಿ ಬೇಡಿ ಒಪ್ಪಿಸಿದ್ದೇನೆ, ಇದೇ ಕೊನೆ, ಇದರಲ್ಲೂ ಏನೂ ಬರಲಿಲ್ಲಾಂದ್ರೆ ಜನ್ಮದಲ್ಲಿ ಈ ಮಾತೆತ್ತಬಾರದು ನೀನು ಎಂದಿದ್ದಾರೆ. ಪೆಟ್ಟಿಗೆ ಕೊಟ್ಟ ನರ್ಸಮ್ಮ ನನ್ನ ಕೈ ಹಿಡಿದು ಹೇಳಿದಳು, ಈ ಸಲ ಮುಟ್ಟಲೇಬೇಡಿ ಅಮ್ಮಾ, ಉಸಿರು ತಾನಾಗೇ ಬರತ್ತೆ, ಇಷ್ಟು ವರ್ಷ ಬಂದಿಲ್ವಾ. ತಾನಾಗೇ ಬಂದದ್ದಲ್ಲ ತಾಯಿ, ನನ್ನ ಮೊಣಕೈ ತಂದದ್ದು.

ಈ ಕಡೆ ಗೋಡೆ, ಆ ಕಡೆ ಇವರು, ಎದ್ದು ಹೋಗೋಣವೆಂದರೆ ಇವರ ಕಾಲು ದಾಟಬೇಕು, ವಯರು ಕಿತ್ತುಬಂದರೆ ಎಲ್ಲ ನೀರಿನಲ್ಲಿ ಹೋಮ, ಹೊರಗೆ ಮಲಗಮ್ಮ ಎಂದಳು ಮಗಳು, ಹೊರಗೆ ಮಲಗಿದರೂ ಕಿವಿ ಇಲ್ಲೇ ಇರುತ್ತದಲ್ಲ — ನಿಂತಿತು, ನಾಲ್ಕು, ಐದು — ಬೆಳಿಗ್ಗೆ ಏಳಕ್ಕೆ ಇವರು ಓಡಿಸುವ ಶಾಲೆಯ ವ್ಯಾನು, ಇಪ್ಪತ್ತೆರಡು ಮಕ್ಕಳು, ಹೋದ ತಿಂಗಳು ದರ್ಜಿ ಅಂಗಡಿಗೆ ಬಿಡುತ್ತೇನೆಂದು ನನ್ನನ್ನೂ ಮುಂದೆ ಕೂರಿಸಿಕೊಂಡಿದ್ದರು, ಹಿಂದೆ ಮಕ್ಕಳ ಗಲಾಟೆ, ಹನ್ನೆರಡು, ಉಸಿರು ಇನ್ನೂ ಬಂದಿಲ್ಲ, ವ್ಯಾನು ಮೆಲ್ಲಗೆ ಎಡಕ್ಕೆ ಸರಿಯಿತು, ತಿರುಗಿ ನೋಡಿದರೆ ಇವರ ಕಣ್ಣು ಮುಚ್ಚಿದೆ, ಅಂದೂ ತಿವಿದದ್ದು ಇದೇ ಮೊಣಕೈ, ಚಕ್ರ ಫುಟ್‌ಪಾತ್ ಹತ್ತಿ ನಿಂತಿತು, ನಾಯಿ ಅಡ್ಡ ಬಂತು ಮಕ್ಕಳೇ ಎಂದರು, ನಾಯಿ ಇರಲಿಲ್ಲ, ಹತ್ತೊಂಬತ್ತು, ಎಷ್ಟು ಬಗ್ಗಿ ನೋಡಿದರೂ ನಾಯಿ ಇರಲಿಲ್ಲ, ನಾಳೆ ಆ ಸೀಟಿನಲ್ಲಿ ಮೊಣಕೈ ಇರುವುದಿಲ್ಲ, ಇಪ್ಪತ್ತಾರು, ಬರಲಿ, ಪೆಟ್ಟಿಗೆಯೊಳಗೆ ಎಲ್ಲ ಬರಲಿ, ಡಾಕ್ಟರು ವ್ಯಾನಿನ ಕೀಲಿ ಕೆಳಗಿಡಿ ಎನ್ನಲಿ, ಮೂವತ್ತು, ಇಷ್ಟು ಹೊತ್ತು ಯಾವತ್ತೂ ಬಿಟ್ಟಿರಲಿಲ್ಲ, ಮೊಣಕೈ ತಾನಾಗೇ ಎದ್ದಿದೆ, ಇನ್ನೊಂದು ಕೈಯಿಂದ ಅದನ್ನು ಗೋಡೆಗೆ ಒತ್ತಿ ಹಿಡಿದಿದ್ದೇನೆ, ಮೂವತ್ತೇಳು, ತಾನಾಗೇ ಬರತ್ತೆ ಅಂದಳಲ್ಲ, ಮೂವತ್ತೆಂಟು, ಬೆರಳ ತುದಿಯ ಕೆಂಪು ದೀಪ, ನಾಯಿ ಇರಲಿಲ್ಲ, ಕೆಂಪು ದೀಪ, ನಲವತ್ತೊಂದು, ಕೆಂಪು ದೀಪ, ರೀ, ಕೆಂಪು ದೀಪ